ಹಳೇದು ಇನ್ನೂ ನೆನಪಾಗ್ತದ, ಹಂಗಾದ್ರ ನನ್ನ ವಿಶ್ವಾಸ ಸುಳ್ಳಾ?

ಪ್ರಶ್ನೆ: ಅಕ್ಕಾ, ದೀಕ್ಷಾಸ್ನಾನ (ಬ್ಯಾಪ್ಟಿಸಂ) ಆಗಿ 4 ವರ್ಷ ಆಯ್ತು, ಕುಡಿಯೋದು ಪೂರಾ ಬಿಟ್ಟೀನಿ. ಆದ್ರ ಹೆಂಡ್ತಿಗಿ ಹೊಡ್ದದ್ದು, ಅವ್ವನ ಬೆಳ್ಳಿ ಕಡಗ ಮಾರಿದ್ದು ರಾತ್ರಿ ಮಲ್ಕೊಂಡಾಗ ಕಣ್ಮುಂದ ಬರ್ತದ. ಹಿಂದಿಂದು ಮರೀಬೇಕು ಅಂತ ವಾಕ್ಯನೇ ಅದಲ್ಲ, ನಂದು ಖರೇ ಮಾನಸಾಂತರ (ಪಾಪ ಬಿಟ್ಟು ಮನಸ್ಸು ತಿರುಗೋದು) ಅಲ್ಲೇನು? (ಯಾದಗಿರಿ ಕಡಿಂದ ಒಬ್ಬ ತಮ್ಮ)

ತಮ್ಮಾ, ನಿಂದು ಖರೇ ಮಾನಸಾಂತರನೇ. ಇಲ್ಲಿ ಬೀದರ್‌ದಾಗ ಪ್ರತಿ ಡಿಸೆಂಬರ್ 31ಕ್ಕ ವಾಚ್ ನೈಟ್ ಆರಾಧನೆ ಮುಗದು ಎಲ್ಲಾರೂ ಥಂಡ್ಯಾಗ ಶಾಲು ಹೊತ್ಕೊಂಡು ಕಂಪೌಂಡಿನ್ಯಾಗ ಚಾ ಕುಡಿಯೋವಾಗ ಯಾರರೆ ಒಬ್ಬರು ಬಾಜೂಕ ಕರದು ಸಣ್ಣ ದನ್ಯಾಗ ಇದೇ ಕೇಳ್ತಾರ, ನಾನೂ ಅದೇ ಹೇಳ್ತೀನಿ, ಮುಂದಿನ ವರ್ಷ ಮತ್ತ ಅದೇ. ಅದ್ಕ ಈ ಸಲ ಬರ್ದೇ ಇಡ್ತೀನಿ.

"ನೆನಪು ಬಂತಂದ್ರ ಕ್ಷಮೆ ಸಿಕ್ಕಿಲ್ಲ" ಅನ್ನೋ ಮಾತು ಬೈಬಲ್‌ನ್ಯಾಗ ಎಲ್ಲೂ ಇಲ್ಲ. ನೀ ಹೇಳೋ ವಾಕ್ಯ ಫಿಲಿಪ್ಪಿ 3:13, ಅಪೊಸ್ತಲ ಪೌಲ ಫಿಲಿಪ್ಪಿ ಊರಿನ ಸಭೆಗಿ, ಅಂದ್ರ ಅಲ್ಲಿನ ವಿಶ್ವಾಸಿಗಳಿಗಿ, ಬರ್ದ ಪತ್ರದಾಗಿಂದು. ಅದೊಂದೇ ಓದಬ್ಯಾಡ, ಅದೇ ಅಧ್ಯಾಯ ಸ್ವಲ್ಪ ಮ್ಯಾಲಿಂದ ಓದು. 5, 6ನೇ ವಚನದಾಗ ಪೌಲ ತನ್ನ ಹಳೇದೆಲ್ಲಾ ಒಂದೊಂದಾಗಿ ಬರೀತಾನ, ಎಂಟನೇ ದಿನ ಸುನ್ನತಿ ಆದದ್ದು, ಬೆನ್ಯಾಮೀನನ ಕುಲ, ಫರಿಸಾಯ (ಧರ್ಮಶಾಸ್ತ್ರ ಕಟ್ಟುನಿಟ್ಟಾಗಿ ಪಾಲಿಸೋ ಯೆಹೂದಿ ಪಂಗಡದವ), ಸಭೆಗಿ ಹಿಂಸೆ ಕೊಟ್ಟದ್ದು. ಮರ್ತವ್ನು ಇಷ್ಟು ಬರೀತಾನೇನು? ಅಪೊಸ್ತಲರ ಕೃತ್ಯಗಳು 22ರಾಗ ಜನರ ಮುಂದ, 26ರಾಗ ಅಗ್ರಿಪ್ಪ ರಾಜನ ಮುಂದ ಮತ್ತ ಅದೇ ಕತಿ ಹೇಳ್ತಾನ. ಇನ್ನೊಂದು ಭಾಳ ಮಂದಿ ನೋಡೋದೇ ಇಲ್ಲ, ಆ ಪಟ್ಟಿ ಅವ್ನಿಗಿ ಪಾಪದ ಪಟ್ಟಿ ಆಗಿರ್ಲಿಲ್ಲ, ಹೆಮ್ಮೆ ಪಟ್ಟಿ ಆಗಿತ್ತು. ಸಭೆಗಿ ಹಿಂಸೆ ಕೊಟ್ಟದ್ದೂ ತನ್ನ ಆಸಕ್ತಿಗಿ ಸಾಕ್ಷಿ ಅಂತ ಎಣಿಸ್ಕೊಂಡಿದ್ದ. ಅದ್ರ ಮ್ಯಾಲ ಇಟ್ಟಿದ್ದ ಭರವಸಾ ಬಿಟ್ಟ, ಅದು ಅಲ್ಲಿ ಮರ್ಯೋದು ಅಂದ್ರ. ನೆಹರು ಸ್ಟೇಡಿಯಂದಾಗ ಪೊಲೀಸ್ ಭರ್ತಿಗಿ 1600 ಮೀಟರ್ ಓಡೋ ಹುಡುಗ್ರಿಗಿ ನೋಡು, ಎಷ್ಟು ಸುತ್ತು ಆಯ್ತು ಅಂತ ಪಕ್ಕಾ ನೆನಪಿರ್ತದ, ಆದ್ರ ಕುತ್ತಿಗಿ ಹಿಂದ ತಿರುಗ್ಸಲ್ಲ.

ಯೆಶಾಯ 43:18ರಾಗ ಹಿಂದಿಂದು ನೆನಸಬ್ಯಾಡ್ರಿ ಅಂತ ಅದ, ಹೊಸ ವರ್ಷದ ಕಾರ್ಡಿನ ಮ್ಯಾಲ ಅದೇ ಹಾಕ್ತೀವಿ. ಮೂರು ಅಧ್ಯಾಯ ದಾಟಿ 46:9ರಾಗ ಹಿಂದಿಂದು ನೆನಸ್ರಿ ಅಂತ ಅದೇ ದೇವ್ರು ಹೇಳ್ಯಾನ!

ಯೇಸುನ ಶಿಷ್ಯ ಪೇತ್ರನ್ನ ನೋಡು. ಯೋಹಾನ 18ರಾಗ ಇದ್ದಲಿ ಬೆಂಕಿ ಮುಂದ ಚಳಿ ಕಾಯಿಸ್ಕೋತ ನಿಂತು ನಾ ಯೇಸುನ ಶಿಷ್ಯ ಅಲ್ಲ ಅಂದ, ಆ ರಾತ್ರಿ ಒಟ್ಟು ಮೂರು ಸಲ ಅಲ್ಲಗಳ್ದ. 21ರಾಗ ಸತ್ತು ಎದ್ದ ಯೇಸು ಸಮುದ್ರದ ದಂಡಿ ಮ್ಯಾಲ ಮತ್ತ ಇದ್ದಲಿ ಬೆಂಕೀನೇ ಮಾಡ್ಯಾನ, ಮ್ಯಾಲ ಮೀನ, ಬಾಜೂಕ ರೊಟ್ಟಿ. ಆ ಬೆಂಕಿಗಿ ಇರೋ ಗ್ರೀಕ್ ಶಬ್ದ ಇಡೀ ಹೊಸ ಒಡಂಬಡಿಕೆದಾಗ ಈ ಎರಡೇ ಕಡಿ ಬರ್ತದ. ಅದೇ ಹೊಗಿ ವಾಸನಿ, ಮೂರು ಸಲ ಪ್ರಶ್ನೆ, ಆಮ್ಯಾಲ ನನ್ನ ಕುರಿ ಮೇಯಿಸು ಅಂತ ಕೆಲಸ. ನೆನಪು ಅಳಿಸ್ಲಿಲ್ಲ, ನೆನಪಿನ ಜಾಗಕ್ಕೇ ಕರ್ಕೊಂಡು ಹೋಗಿ ಎಬ್ಬಿಸಿ ನಿಲ್ಲಿಸ್ದ.

ಅವ್ವನ ಕಡಗದ್ದು, ಸುಂಕ ವಸೂಲಿ ಮಾಡೋ ಜಕ್ಕಾಯ ಮೋಸದಿಂದ ತಗೊಂಡಿದ್ರ ನಾಲ್ಕರಷ್ಟು ತಿರುಗಿ ಕೊಡ್ತೀನಿ ಅಂತ ಯೇಸು ಮುಂದ ಅಂದಿದ್ದ, ನೀ ತಿಂಗಳಾ ಸ್ವಲ್ಪ ಸ್ವಲ್ಪ ಅವ್ವನ ಕೈಯಾಗ ಇಡು. ಮತ್ತ ಹೆಂಡ್ತಿಗಿ "ದೇವ್ರೇ ಕ್ಷಮಿಸ್ಯಾನ, ನೀನೂ ಮರಿ" ಅಂತ ಯಾವತ್ತೂ ಹೇಳಬ್ಯಾಡ ತಮ್ಮಾ. ನೀ ಕೈ ಎತ್ತಿದ್ರ ಆಕಿ ಇನ್ನೂ ಬೆಚ್ಚಿ ಬೀಳ್ತಿರ್ಬಹುದು, ಕಪಾಟಿನ ಮ್ಯಾಲಿನ ಡಬ್ಬಿ ತೆಗಿಲಿಕ್ಕೇ ಎತ್ತಿದ್ರೂ. ಆಕಿ ಅಂಜಿಕಿ ಹೋಗ್ಲಿಕ್ಕ ಎಷ್ಟು ದಿನ ಬೇಕೋ ಅಷ್ಟು ದಿನ ಕಾಯಬೇಕು.

ನೀ ಕೇಳಿಲ್ಲ, ಆದ್ರೂ ಹೇಳ್ತೀನಿ, ಇದ್ರ ಹಿಂದೇ ಬರೋ ಪ್ರಶ್ನೆ ಹೆಸ್ರಿಂದು. "ಸೌಲ ಪೌಲ ಆದ, ನಾನೂ ಹೆಸ್ರು ಬದಲಿಸ್ಬೇಕಾ?" ಸೌಲನಿಗಿ ದೀಕ್ಷಾಸ್ನಾನ ಆದದ್ದು ಕೃತ್ಯಗಳು 9ರಾಗ, 13ನೇ ಅಧ್ಯಾಯದ ತನಕ ಅವ್ನಿಗಿ ಸೌಲ ಅಂತೇ ಕರದಾರ, ಎರಡೂ ಅವ್ನ ಹೆಸ್ರೇ. ಹಿಂದಿಂದು ಮರ್ತು ಅಂತ ಬರ್ದ ಆ ಪತ್ರ ಫಿಲಿಪ್ಪಿಗಿ ಒಯ್ದಾತ ಎಪಫ್ರೊದೀತ, ಅವ್ನ ಹೆಸ್ರಿನ್ಯಾಗೇ ಗ್ರೀಕರ ಅಫ್ರೊದೀತೆ ದೇವಿ ಹೆಸ್ರು ಅದ. ಪೌಲ ಅವ್ನಿಗಿ ಸಹೋದರ, ಜೊತಿ ಕೆಲಸಗಾರ, ಜೊತಿ ಸೈನಿಕ ಅಂತ ಬರ್ದಾನ, ಹೆಸ್ರು ಮಾತ್ರ ತಿದ್ದಿಲ್ಲ. ನಿನ್ನ ಆಧಾರ್‌ದಾಗ ಮಲ್ಲಪ್ಪ ಅಂತಿದ್ರ ಮಲ್ಲಪ್ಪ ಅಂತೇ ಇರ್ಲಿ.