ತಾಲ್ಮುದ್ ಪಾಠಕ್ಕೆ ಯಾರು ಕೂರಬಹುದು? ಆನ್‌ಲೈನ್ ತರಗತಿಯ ಹಿಂದಿರುವ ಉದ್ದ ಕಥೆ

ಇಬ್ಬರು ಒಂದೇ ಬಟ್ಟೆಯನ್ನು ಎರಡೂ ತುದಿಯಲ್ಲಿ ಹಿಡಿದುಕೊಂಡು ನ್ಯಾಯ ಕೇಳಲು ಬರುತ್ತಾರೆ. ಪೂರ್ತಿ ನನ್ನದು ಅಂತ ಒಬ್ಬ, ಇಲ್ಲ ನನ್ನದು ಅಂತ ಇನ್ನೊಬ್ಬ. ಸಾಕ್ಷಿ ಯಾರೂ ಇಲ್ಲ. ಇಬ್ಬರೂ "ಇದರಲ್ಲಿ ನನ್ನ ಪಾಲು ಅರ್ಧಕ್ಕಿಂತ ಕಡಿಮೆ ಇಲ್ಲ" ಎಂದು ಪ್ರಮಾಣ ಮಾಡಿ ಹಂಚಿಕೊಳ್ಳಲಿ ಅನ್ನುತ್ತದೆ ಯಹೂದಿಗಳ ಹಳೆಯ ಧರ್ಮನಿಯಮಗಳ ಸಂಗ್ರಹವಾದ ಮಿಶ್ನಾ.

ಎಂಥಾ ವಿಚಿತ್ರ ಪ್ರಮಾಣ ಅಲ್ವಾ? "ಅರ್ಧ ನನ್ನದು" ಅಂತ ನೇರವಾಗಿ ಹೇಳಿಸಬಹುದಿತ್ತು. ಹಾಗೆ ಹೇಳಿಸಿದರೆ, ಪೂರ್ತಿ ನನ್ನದು ಅಂತ ಬಂದವನು ತನ್ನ ಮಾತನ್ನು ತಾನೇ ಮುರಿದ ಹಾಗಾಗುತ್ತದೆ. ಪೂರ್ತಿ ನನ್ನದು ಅಂತ ಪ್ರಮಾಣ ಮಾಡಿಸಿದರೆ, ಪೂರ್ತಿ ಕೊಡುವುದಿಲ್ಲವಲ್ಲ! ಅದಕ್ಕೇ ಈ ಸುತ್ತುಬಳಸಿನ ಮಾತು. ಅಷ್ಟಕ್ಕೂ ಪ್ರಮಾಣ ಯಾಕೆ? ರಬ್ಬಿ (ಯಹೂದಿ ಧರ್ಮಗುರು) ಯೊಹಾನಾನ್ ಹೇಳುತ್ತಾರೆ, ಇಲ್ಲದಿದ್ದರೆ ದಾರಿಯಲ್ಲಿ ಕಂಡವರ ಬಟ್ಟೆ ಹಿಡಿದೆಳೆದು "ನನ್ನದು" ಅನ್ನುವವರು ಜಾಸ್ತಿಯಾಗುತ್ತಾರೆ. ತಕ್ಷಣ ಎದುರು ಪ್ರಶ್ನೆ ಬರುತ್ತದೆ: ಇನ್ನೊಬ್ಬರ ಬಟ್ಟೆಗೆ ಕೈ ಹಾಕುವವನು ಸುಳ್ಳು ಪ್ರಮಾಣಕ್ಕೆ ಹೆದರುತ್ತಾನಾ? ದುಡ್ಡಿನ ವಿಷಯದಲ್ಲಿ ನಂಬಲಾಗದವನು ಪ್ರಮಾಣದ ವಿಷಯದಲ್ಲೂ ಹಾಗೇ ಇರಬೇಕಾಗಿಲ್ಲ ಅನ್ನುವ ಉತ್ತರ ಬರುತ್ತದೆ, ಅದರ ಮೇಲೆ ಮತ್ತೆ ವಾದ ನಡೆಯುತ್ತದೆ.

ಇದು ಬಾವಾ ಮೆಟ್ಸಿಯಾ ಎಂಬ ಭಾಗದ ಶುರುವಿನ ಪುಟಗಳು. ಮಿಶ್ನಾ ಮತ್ತು ಅದರ ಮೇಲಿನ ಚರ್ಚೆ ಸೇರಿದ ತಾಲ್ಮುದ್ ಪೂರ್ತಿ ಇರುವುದೇ ಹೀಗೆ. ಒಬ್ಬ ಹೇಳುತ್ತಾನೆ, ಇನ್ನೊಬ್ಬ ಯಾಕೆ ಅನ್ನುತ್ತಾನೆ. ಹಾಗಾಗಿ ಇದನ್ನು ಒಬ್ಬರೇ ಕೂತು ಮೌನವಾಗಿ ಓದುವ ಪದ್ಧತಿ ಇಲ್ಲ. ಇಬ್ಬರು ಎದುರು ಬದುರು ಕೂತು ಗಟ್ಟಿಯಾಗಿ ಓದಿ ಜಗಳವಾಡಬೇಕು. ಈ ಜೋಡಿ ಓದಿಗೆ ಹವ್ರುತಾ ಅನ್ನುತ್ತಾರೆ. "ಜೊತೆ ಬೇಕು, ಇಲ್ಲವೇ ಸಾವು" ಅನ್ನುವ ಮಾತು ತಾಲ್ಮುದ್‌ನಲ್ಲೇ ಇದೆ.

ಇಂಥ ಓದು ಈಗ ಝೂಮ್‌ನಲ್ಲಿ ನಡೆಯುತ್ತಿದೆ. ಟೀಚರ್ ಪರದೆಯ ಮೇಲೆ ಪುಟ ಹಾಕುತ್ತಾರೆ. ನಡುವೆ ದಪ್ಪಕ್ಷರದಲ್ಲಿ ಮೂಲ, ಒಂದು ಪಕ್ಕ 11ನೇ ಶತಮಾನದ ಫ್ರಾನ್ಸ್‌ನ ರಾಶಿ ಎಂಬ ವಿದ್ವಾಂಸರು ಬರೆದ ವಿವರಣೆ, ಇನ್ನೊಂದು ಪಕ್ಕ ಅವರ ಮೊಮ್ಮಕ್ಕಳ ಕಾಲದವರು ಎತ್ತಿದ ತಕರಾರುಗಳು. ಸ್ವಲ್ಪ ಹೊತ್ತು ಪಾಠ ಆದಮೇಲೆ ವಿದ್ಯಾರ್ಥಿಗಳನ್ನು ಇಬ್ಬಿಬ್ಬರಂತೆ ಬೇರೆ ಬೇರೆ ಕೋಣೆಗೆ ಕಳಿಸುತ್ತಾರೆ. ಒಬ್ಬರು ಟೊರಾಂಟೊದಲ್ಲಿ, ಇನ್ನೊಬ್ಬರು ಹೈಫಾದಲ್ಲಿ ಇರಬಹುದು. ಬಟ್ಟೆ ಯಾರದು ಅಂತ ವಾದ ಶುರು.

ಕೊರೊನಾ ಬಂದು ಇದನ್ನೆಲ್ಲ ಹುಟ್ಟಿಸಿತು ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಆದರೆ ದೂರದಿಂದ ಕಲಿಯುವುದು ಈ ಸಂಪ್ರದಾಯಕ್ಕೆ ಸಾವಿರ ವರ್ಷಕ್ಕೂ ಹಳೆಯದು. ಅದರ ಜೊತೆಗೇ ಬಂದ ಇನ್ನೊಂದು ಪ್ರಶ್ನೆ ಅಂದರೆ, ಈ ಪಾಠಕ್ಕೆ ಯಾರು ಕೂರಬಹುದು? ನನಗೆ ತಂತ್ರಜ್ಞಾನಕ್ಕಿಂತ ಈ ಪ್ರಶ್ನೆಯೇ ದೊಡ್ಡದು ಅನಿಸುತ್ತದೆ.

ಮೊದಲು ಇದೆಲ್ಲ ಬಾಯಿಪಾಠವಾಗಿತ್ತು. ಗುರುವಿನಿಂದ ಕೇಳಿದ್ದನ್ನು ಬರೆದಿಡಬಾರದು ಅನ್ನುವ ನಿಯಮವೇ ಇತ್ತು. ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮಿನ ದೇವಾಲಯ ಕೆಡವಿದರು. ಜನ ಚದುರಿದರು. ಮರೆತುಹೋಗುವ ಭಯ ಬಂತು. ಸುಮಾರು ಕ್ರಿ.ಶ. 200ರ ಹೊತ್ತಿಗೆ ಗಲಿಲಾಯದಲ್ಲಿ ರಬ್ಬಿ ಯೆಹೂದಾ ಹನಾಸಿ ಮಿಶ್ನಾವನ್ನು ಒಂದು ರೂಪಕ್ಕೆ ತಂದರು. ಅದರ ಮೇಲೆ ಈಗಿನ ಇರಾಕ್‌ನ ಸುರಾ, ಪುಂಬೆದಿತಾ ಮುಂತಾದ ಕಡೆ ನಡೆದ ಮುನ್ನೂರು ವರ್ಷಕ್ಕೂ ಹೆಚ್ಚಿನ ಚರ್ಚೆಯೇ ಬಾಬಿಲೋನಿನ ತಾಲ್ಮುದ್. ಹೆಚ್ಚಿನ ಭಾಗ ಅರಾಮಿಕ್ ಭಾಷೆಯಲ್ಲಿದೆ.

ಆಮೇಲೆ ಯಹೂದಿಗಳು ಸ್ಪೇನ್‌ನಿಂದ ಯೆಮನ್‌ವರೆಗೆ ಹರಡಿಕೊಂಡರು. ಗ್ರಂಥ ಇದೆ, ಆದರೆ ಬಿಡಿಸಿ ಹೇಳುವವರು ಇರಾಕ್‌ನಲ್ಲಿ. ಏನು ಮಾಡುವುದು? ಕಾಗದ ಬರೆದರು. ವ್ಯಾಪಾರಿಗಳ ಕೈಯಲ್ಲಿ ಪ್ರಶ್ನೆ ಹೋಗುತ್ತಿತ್ತು, ತಿಂಗಳುಗಳ ನಂತರ ಉತ್ತರ ಬರುತ್ತಿತ್ತು. 987ರಲ್ಲಿ ಈಗಿನ ಟುನೀಶಿಯಾದ ಕೈರವಾನ್ ಊರಿನವರು ಪುಂಬೆದಿತಾದ ಮುಖ್ಯಸ್ಥ ಶೆರೀರಾ ಗಾವೋನ್‌ಗೆ ಒಂದು ಪ್ರಶ್ನೆ ಕಳಿಸಿದ್ದರು: ಮಿಶ್ನಾ, ತಾಲ್ಮುದ್ ಬರೆದದ್ದು ಹೇಗೆ, ಯಾವಾಗ? ಅವರು ಬರೆದ ಉದ್ದನೆಯ ಉತ್ತರವನ್ನು ಇತಿಹಾಸಕಾರರು ಇವತ್ತಿಗೂ ಆಧಾರವಾಗಿ ಬಳಸುತ್ತಾರೆ. ಒಂದು ಅಂಚೆ ಶಿಕ್ಷಣದ ಉತ್ತರ ಪತ್ರ ಸಾವಿರ ವರ್ಷ ಉಳಿದುಕೊಂಡಿದೆ!

ಆ ದಾರಿಯ ಒಂದು ಕವಲು ನಮ್ಮ ಮಂಗಳೂರಿಗೂ ಬಂದಿತ್ತು. ಅದೇ ಟುನೀಶಿಯಾ ಕಡೆಯ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ 1130ರ ದಶಕದಿಂದ 1149ರವರೆಗೆ, ನಡುವೆ ಒಂದಿಷ್ಟು ಓಡಾಟ ಬಿಟ್ಟರೆ, ಮಲಬಾರ್ ಕರಾವಳಿಯಲ್ಲೇ ಇದ್ದ. ಮಂಗಳೂರು ಅವನ ಮುಖ್ಯ ನೆಲೆ. ಕಂಚಿನ ಸಾಮಾನು ಮಾಡಿಸುತ್ತಿದ್ದ, ಮೆಣಸು ಕಳಿಸುತ್ತಿದ್ದ. ಏಡನ್‌ನಿಂದ ಅವನ ಗೆಳೆಯರು ಸಕ್ಕರೆ, ಒಣದ್ರಾಕ್ಷಿಯ ಜೊತೆ ಬರೆಯುವ ಕಾಗದವನ್ನೂ ಕಳಿಸುತ್ತಿದ್ದರು. ಅವನಿಗೆ ಬಂದ ಕಾಗದಗಳು ಕೈರೋದ ಹಳೆಯ ಸಿನಗಾಗ್ (ಯಹೂದಿ ಪ್ರಾರ್ಥನಾ ಮಂದಿರ) ಒಂದರ ಕೋಣೆಯಲ್ಲಿ ಉಳಿದು, ಈಗ ಬಹಳಷ್ಟು ಕೇಂಬ್ರಿಡ್ಜ್‌ನಲ್ಲಿವೆ. ಲೆಕ್ಕಪತ್ರದ ನಡುವೆ ಅವನ ಕೈಬರಹದ ಪದ್ಯಗಳೂ ಧರ್ಮಶಾಸ್ತ್ರದ ಬರಹಗಳೂ ಸಿಗುತ್ತವೆ. ನೇತ್ರಾವತಿ ತೀರದಲ್ಲಿ ಕೂತು ಹೀಬ್ರೂ, ಅರಾಮಿಕ್ ಓದುತ್ತಿದ್ದ ಮನುಷ್ಯನನ್ನು ನೆನೆಸಿಕೊಂಡರೆ ಈ ವಿಷಯ ನಮಗೆ ಅಷ್ಟೇನೂ ದೂರದ್ದಲ್ಲ ಅನಿಸುತ್ತದೆ.

ತತ್ವಶಾಸ್ತ್ರದ ಕಡೆ ಬಂದರೆ ಇನ್ನೂ ಸ್ಪಷ್ಟ. 12ನೇ ಶತಮಾನದ ಯಹೂದಿ ವಿದ್ವಾಂಸ ಮೈಮೊನಿಡೀಸ್‌ನ ಅತಿ ಹೆಸರಾದ ತತ್ವಗ್ರಂಥ, ಗೊಂದಲದಲ್ಲಿರುವವರಿಗೆ ದಾರಿ ತೋರಿಸುವ ಕೃತಿ, ಹುಟ್ಟಿದ್ದೇ ದೂರ ಹೋದ ಒಬ್ಬ ವಿದ್ಯಾರ್ಥಿಗಾಗಿ. ಯೋಸೆಫ್ ಎಂಬ ಶಿಷ್ಯ ಈಜಿಪ್ಟ್ ಬಿಟ್ಟು ಹೋದ. ಪಾಠ ಅರ್ಧಕ್ಕೆ ನಿಂತಿತ್ತು. ಎಲ್ಲೇ ಇದ್ದರೂ ಅಧ್ಯಾಯಗಳು ಒಂದಾದ ಮೇಲೊಂದರಂತೆ ನಿನ್ನನ್ನು ತಲುಪುತ್ತವೆ ಅಂತ ಗುರು ಮುನ್ನುಡಿಯಲ್ಲೇ ಹೇಳುತ್ತಾರೆ. ಕಂತಿನಲ್ಲಿ ಬಂದ ಪಾಠ ಅದು, ಬರೆದದ್ದು ಹೀಬ್ರೂ ಲಿಪಿಯ ಅರಬ್ಬಿಯಲ್ಲಿ.

ಈ ನಡುವೆ ಗ್ರಂಥವನ್ನೇ ಇಲ್ಲವಾಗಿಸುವ ಪ್ರಯತ್ನಗಳೂ ನಡೆದವು. 1242ರಲ್ಲಿ ಪ್ಯಾರಿಸ್‌ನಲ್ಲಿ ಗಾಡಿಗಟ್ಟಲೆ ತಾಲ್ಮುದ್ ಹಸ್ತಪ್ರತಿಗಳನ್ನು ಸುಟ್ಟರು. 1553ರಲ್ಲಿ ರೋಮ್‌ನಲ್ಲಿ ಮತ್ತೆ ಸುಟ್ಟರು. ಬಹುತೇಕ ಪೂರ್ತಿಯಾಗಿ ಉಳಿದ ಹಳೆಯ ಹಸ್ತಪ್ರತಿ ಒಂದೇ ಒಂದು, 1342ರದ್ದು, ಮ್ಯೂನಿಕ್‌ನಲ್ಲಿದೆ. ಇದನ್ನು ಬರೆಯುವಾಗ ಹೊಟ್ಟೆ ಉರಿಯುತ್ತದೆ. ಎಷ್ಟು ಕೈಗಳು ಎಷ್ಟು ವರ್ಷ ಕೂತು ಬರೆದಿದ್ದವೋ.

ಅಚ್ಚು ಬಂದದ್ದರಿಂದ ಗ್ರಂಥ ಉಳಿಯಿತು. ವೆನಿಸ್‌ನ ಡೇನಿಯಲ್ ಬಾಂಬರ್ಗ್ ಎಂಬ ಕ್ರೈಸ್ತ ಮುದ್ರಕ 1520ರಿಂದ 1523ರ ನಡುವೆ ಮೊದಲ ಬಾರಿಗೆ ಪೂರ್ತಿ ತಾಲ್ಮುದ್ ಅಚ್ಚು ಹಾಕಿದ. ಅವನು ಕೊಟ್ಟ ಹಾಳೆಯ ಸಂಖ್ಯೆಯನ್ನೇ ಇವತ್ತಿಗೂ ಎಲ್ಲರೂ ಬಳಸುವುದು. ಆನ್‌ಲೈನ್ ತರಗತಿಯಲ್ಲಿ ಐದು ದೇಶದವರು ಐದು ಬೇರೆ ಬೇರೆ ಪ್ರತಿ ಇಟ್ಟುಕೊಂಡಿದ್ದರೂ ಟೀಚರ್ "59ನೇ ಹಾಳೆ, ಹಿಂಬದಿ" ಅಂದರೆ ಎಲ್ಲರೂ ಅದೇ ಸಾಲಿಗೆ ಬರುತ್ತಾರೆ. ಈ ಒಂದು ಅನುಕೂಲ ಇಲ್ಲದಿದ್ದರೆ ಮುಂದಿನ ಕಥೆಯೇ ನಡೆಯುತ್ತಿರಲಿಲ್ಲ.

ಆ ಮುಂದಿನ ಕಥೆ ದಾಫ್ ಯೋಮಿ. 1923ರಲ್ಲಿ ವಿಯೆನ್ನಾದಲ್ಲಿ ಸೇರಿದ್ದ ಸಮ್ಮೇಳನದಲ್ಲಿ ಪೋಲೆಂಡಿನ ಯುವ ರಬ್ಬಿ ಮೆಯಿರ್ ಶಪಿರೊ ಒಂದು ಸಲಹೆ ಇಟ್ಟರು. ಲೋಕದ ಯಹೂದಿಗಳೆಲ್ಲ ದಿನಕ್ಕೊಂದು ಹಾಳೆ, ಅದೇ ಹಾಳೆ, ಓದೋಣ. ಒಟ್ಟು 2,711 ಹಾಳೆ, ಮುಗಿಯಲು ಏಳೂವರೆ ವರ್ಷ ಹತ್ತಿರ. ಅದೇ ಸೆಪ್ಟೆಂಬರ್‌ನಲ್ಲಿ ಶುರುವಾಯಿತು. ಅಲ್ಲಿಯವರೆಗೆ ತಾಲ್ಮುದ್ ಅಂದರೆ ಪಾಠಶಾಲೆಯಲ್ಲಿ ವರ್ಷಗಟ್ಟಲೆ ಕೂರಲು ಪುರುಸೊತ್ತು ಇದ್ದವರ ಓದು. ಈಗ ಅಂಗಡಿಯವನೂ ದರ್ಜಿಯೂ ಬೆಳಿಗ್ಗೆ ಒಂದು ಗಂಟೆ ಕೂತು ಓದಬಹುದಾಯಿತು. ಒಂದು ಹಾಳೆಗೆ ಒಂದು ದಿನ ಏನೇನೂ ಸಾಲದು, ಬರೀ ಓಟ ಆಗುತ್ತದೆ ಅನ್ನುವ ದೂರು ಆಗಿನಿಂದಲೂ ಇದೆ. ದೂರಿನಲ್ಲಿ ಸತ್ಯ ಇದೆ. ಆದರೂ ಆ ಒಂದು ಗಂಟೆ ಎಷ್ಟೋ ಜನರನ್ನು ಗ್ರಂಥದ ಹತ್ತಿರ ತಂದಿತು.

ದಿನಕ್ಕೊಂದು ಹಾಳೆ ಅಂತ ಆದಮೇಲೆ ಒಂದು ದಿನವೂ ತಪ್ಪಿಸುವಂತಿಲ್ಲ. ಹಾಗಾಗಿ ಬಂದ ಪ್ರತಿಯೊಂದು ಸಲಕರಣೆಯನ್ನೂ ಜನ ಇದಕ್ಕೆ ಬಳಸಿಕೊಂಡರು. ಫೋನ್ ಮಾಡಿದರೆ ಆ ದಿನದ ಪಾಠದ ಧ್ವನಿಮುದ್ರಿಕೆ ಕೇಳಿಸುವ ಸೇವೆ ನ್ಯೂಯಾರ್ಕ್‌ನಲ್ಲಿ ಬಂತು. ಕ್ಯಾಸೆಟ್ ಬಂತು. ಲಾಂಗ್ ಐಲೆಂಡ್‌ನಿಂದ ಕೆಲಸಕ್ಕೆ ಹೋಗುವವರು ಬೆಳಗಿನ ರೈಲಿನ ಒಂದು ಬೋಗಿಯಲ್ಲೇ ತರಗತಿ ನಡೆಸಿದರು. ಇಸ್ರೇಲ್‌ನಲ್ಲಿ 1963ರಲ್ಲೇ ಹಳೆಯ ಧರ್ಮನಿರ್ಣಯಗಳನ್ನು ಕಂಪ್ಯೂಟರಿಗೆ ಹಾಕಿ ಹುಡುಕುವ ಕೆಲಸ ಶುರುವಾಗಿತ್ತು. 1990ರ ದಶಕದಲ್ಲಿ ಅಲ್ಲಿನ ಹರ್ ಎತ್ಸಿಯೋನ್ ಪಾಠಶಾಲೆ ವಾರದ ಪಾಠಗಳನ್ನು ಇಮೇಲ್‌ನಲ್ಲಿ ಕಳಿಸತೊಡಗಿತು.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಅನುವಾದದ್ದು. ಮೂಲದಲ್ಲಿ ಪೂರ್ಣವಿರಾಮ ಕೂಡ ಇಲ್ಲ. ಯಾವುದು ಪ್ರಶ್ನೆ, ಯಾವುದು ಉತ್ತರ ಅಂತ ಗುರು ಹೇಳಿದರೇ ಗೊತ್ತಾಗುವುದು. ಜೆರುಸಲೇಮಿನ ಆದಿನ್ ಸ್ಟೈನ್‌ಸಾಲ್ಟ್ಸ್ 1965ರಲ್ಲಿ ಶುರುಮಾಡಿ 2010ರಲ್ಲಿ ಪೂರ್ತಿ ತಾಲ್ಮುದ್‌ಗೆ ವಿರಾಮಚಿಹ್ನೆ, ಸ್ವರಚಿಹ್ನೆ, ಇಂದಿನ ಹೀಬ್ರೂ ಅನುವಾದ ಎಲ್ಲ ಸೇರಿಸಿ ಮುಗಿಸಿದರು. ನಲವತ್ತೈದು ವರ್ಷ ಒಂದೇ ಕೆಲಸ! ಅದನ್ನು ಆಧರಿಸಿದ ಇಂಗ್ಲಿಷ್ ಪಾಠವನ್ನು 2017ರಲ್ಲಿ ಸೆಫಾರಿಯಾ ಎಂಬ ಲಾಭರಹಿತ ಸಂಸ್ಥೆ ಎಲ್ಲರಿಗೂ ಉಚಿತವಾಗಿ ತೆರೆದಿಡಲು ಶುರುಮಾಡಿತು. ಒಂದು ಸಾಲು ಒತ್ತಿದರೆ ಅದಕ್ಕೆ ಸಂಬಂಧಿಸಿದ ಬೈಬಲ್ ವಚನ, ರಾಶಿಯ ಟಿಪ್ಪಣಿ, ಮೈಮೊನಿಡೀಸ್‌ನ ನಿರ್ಣಯ ಎಲ್ಲ ಪಕ್ಕದಲ್ಲೇ ಬರುತ್ತವೆ. ಇವತ್ತಿನ ಆನ್‌ಲೈನ್ ತರಗತಿಗಳಲ್ಲಿ ಬಹಳಷ್ಟು ನಿಂತಿರುವುದು ಈ ಪುಟಗಳ ಮೇಲೆ.

ಎಲ್ಲರೂ ಸಂತೋಷಪಟ್ಟರು ಅಂತಲ್ಲ. 2012ರ ಮೇ ತಿಂಗಳಲ್ಲಿ ನ್ಯೂಯಾರ್ಕ್‌ನ ಒಂದು ಬೇಸ್‌ಬಾಲ್ ಮೈದಾನದಲ್ಲಿ ಕಟ್ಟಾ ಸಂಪ್ರದಾಯದ ಸುಮಾರು 40,000 ಗಂಡಸರು ಸೇರಿದ್ದು ಇಂಟರ್ನೆಟ್‌ನ ಅಪಾಯದ ಬಗ್ಗೆ ಮಾತಾಡಲು. ಅವರ ಭಯ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಮನೆಯೊಳಗೆ ಏನೇನು ಬರುತ್ತದೋ ಅನ್ನುವ ಚಿಂತೆ ಒಂದು ಕಡೆ. ಗುರುವಿನ ಎದುರು ಕೂತು ಅವರ ನಡೆನುಡಿ ನೋಡಿ ಕಲಿಯುವುದು ತಪ್ಪಿಹೋಗುತ್ತದೆ ಅನ್ನುವುದು ಇನ್ನೊಂದು ಕಡೆ.

ಈಗ ಯಾರು ಕೂರಬಹುದು ಅನ್ನುವ ಪ್ರಶ್ನೆ. ಇದರ ಜಗಳ ಗ್ರಂಥದಲ್ಲೇ ಇದೆ. ಮಿಶ್ನಾದ ಸೋತಾ ಭಾಗದಲ್ಲಿ ಬೆನ್ ಅಜ್ಜಾಯ್ ಎಂಬವರು ಮಗಳಿಗೆ ತೋರಾ, ಅಂದರೆ ಯಹೂದಿ ಧರ್ಮಶಾಸ್ತ್ರ, ಕಲಿಸಲೇಬೇಕು ಅನ್ನುತ್ತಾರೆ. ಅದರ ಬೆನ್ನಿಗೇ ರಬ್ಬಿ ಎಲಿಯೆಜರ್, ಕಲಿಸಿದರೆ ಅವಳಿಗೆ ಕೆಟ್ಟದ್ದು ಕಲಿಸಿದ ಹಾಗೆ ಅನ್ನುತ್ತಾರೆ. ಶತಮಾನಗಳ ಕಾಲ ನಡೆದದ್ದು ಎರಡನೆಯವರ ಮಾತು. 1917ರಲ್ಲಿ ಕ್ರಾಕೋವ್‌ನಲ್ಲಿ ಸಾರಾ ಶೆನಿರೆರ್ ಎಂಬ ದರ್ಜಿ ಹೆಣ್ಣುಮಕ್ಕಳ ಶಾಲೆ ತೆರೆದರು, ಆದರೆ ಅಲ್ಲಿ ತಾಲ್ಮುದ್ ಇರಲಿಲ್ಲ. 1977ರಲ್ಲಿ ನ್ಯೂಯಾರ್ಕ್‌ನ ಒಂದು ಮಹಿಳಾ ಕಾಲೇಜಿನಲ್ಲಿ ತಾಲ್ಮುದ್ ತರಗತಿ ಶುರುವಾದಾಗ ಮೊದಲ ಪಾಠ ಮಾಡಿದ್ದು ಆ ಕಾಲದ ದೊಡ್ಡ ವಿದ್ವಾಂಸ ಜೋಸೆಫ್ ಸೊಲೊವೈಚಿಕ್. ಆಮೇಲೆ ಇಸ್ರೇಲ್‌ನ ರಾನಾನಾ ಊರಿನಲ್ಲಿ ಮಿಷೆಲ್ ಕೊಹೆನ್ ಫಾರ್ಬರ್ 2012ರಿಂದ ದಿನಾ ಒಂದು ಹಾಳೆ ಪಾಠ ಮಾಡಿ ಧ್ವನಿಮುದ್ರಿಸಿ ಆನ್‌ಲೈನ್ ಹಾಕುತ್ತಾ ಹೋದರು, ಹೀಬ್ರೂ ಮತ್ತು ಇಂಗ್ಲಿಷ್ ಎರಡರಲ್ಲೂ. ಪಕ್ಕದ ಪಾಠಶಾಲೆಯಲ್ಲಿ ಜಾಗ ಸಿಗದ ಹೆಂಗಸರು ಅಡುಗೆಮನೆಯಲ್ಲಿ, ಬಸ್ಸಿನಲ್ಲಿ ಕೇಳಿದರು. 2020ರ ಜನವರಿ 5ರಂದು ಜೆರುಸಲೇಮಿನಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮಂದಿ, ಹೆಚ್ಚಿನವರು ಮಹಿಳೆಯರು, ದಾಫ್ ಯೋಮಿಯ ಆ ಸುತ್ತು ಮುಗಿದದ್ದನ್ನು ಆಚರಿಸಿದರು. ಬೆನ್ ಅಜ್ಜಾಯ್ ಮಾತಿಗೆ ಬಲ ಬರಲು ಇಷ್ಟು ಕಾಲ ಬೇಕಾಯಿತು. ನನ್ನ ಮಟ್ಟಿಗೆ ಆನ್‌ಲೈನ್ ತರಗತಿ ಮಾಡಿದ ಅತಿ ದೊಡ್ಡ ಕೆಲಸ ಇದೇ.

ಯಹೂದಿಗಳಲ್ಲದವರ ವಿಷಯದಲ್ಲೂ ಇದೇ ಜಗಳ. ಸನ್ಹೆದ್ರಿನ್ ಭಾಗದ 59ನೇ ಹಾಳೆಯಲ್ಲಿ ತೋರಾ ಓದುವ ಅನ್ಯನ ಬಗ್ಗೆ ಬಹಳ ಕಠಿಣವಾದ ಮಾತಿದೆ. ಅದರ ಎದುರಿಗೇ ರಬ್ಬಿ ಮೆಯಿರ್ ಹೇಳಿದ ಮಾತೂ ಇದೆ: ಅನ್ಯನಾದರೂ ತೋರಾದಲ್ಲಿ ತೊಡಗಿದವನು ಮಹಾಯಾಜಕನಿಗೆ ಸಮ. ಎರಡಕ್ಕೂ ಹೊಂದಿಕೆ ಹುಡುಕುವ ಚರ್ಚೆ ಅಲ್ಲೇ ಮುಂದುವರಿಯುತ್ತದೆ.

2020ರ ಮಾರ್ಚ್‌ನಲ್ಲಿ ಪಾಠಶಾಲೆಗಳು ಮುಚ್ಚಿದವು. ಹೊಸ ಸುತ್ತು ಶುರುವಾಗಿ ಎರಡು ತಿಂಗಳು ದಾಟಿತ್ತು ಅಷ್ಟೇ. ರಾತ್ರೋರಾತ್ರಿ ಎಲ್ಲ ಝೂಮ್‌ಗೆ ಬಂತು. ಮನೆಯಲ್ಲಿ ಇಂಟರ್ನೆಟ್ ಇಟ್ಟುಕೊಳ್ಳದ ಕುಟುಂಬಗಳಲ್ಲಿ ಮಕ್ಕಳು ಫೋನ್ ಲೈನ್‌ನಲ್ಲೇ ಪಾಠ ಕೇಳಿದರು. ಆದರೆ ವಾರದ ವಿಶ್ರಾಂತಿಯ ದಿನವಾದ ಸಬ್ಬತ್ತಿನಂದು ಈಗಲೂ ಸಂಪ್ರದಾಯಸ್ಥರ ಮನೆಗಳಲ್ಲಿ ಪರದೆ ಮುಟ್ಟುವಂತಿಲ್ಲ. ಶುಕ್ರವಾರ ಸೂರ್ಯ ಮುಳುಗುವುದರೊಳಗೆ ಪಾಠ ಕೇಳಿಕೊಳ್ಳಬೇಕು, ಇಲ್ಲವೇ ಶನಿವಾರದ ಹಾಳೆಯನ್ನು ಪುಸ್ತಕದಲ್ಲೇ ಓದಬೇಕು. ವಾರಕ್ಕೊಂದು ದಿನ ಎಲ್ಲರೂ ಕಾಗದಕ್ಕೆ ಮರಳುತ್ತಾರೆ.

ಕನ್ನಡದವರು ಯಾರಾದರೂ ಇದರಲ್ಲಿ ಆಸಕ್ತಿ ಇಟ್ಟುಕೊಂಡಿದ್ದರೆ ಒಂದು ಮಾತು. ದಾಫ್ ಯೋಮಿಯಿಂದ ಶುರುಮಾಡಬೇಡಿ, ಆ ವೇಗಕ್ಕೆ ತಲೆ ತಿರುಗುತ್ತದೆ. ಒಂದೇ ಅಧ್ಯಾಯವನ್ನು ತಿಂಗಳುಗಟ್ಟಲೆ ಓದುವ ಚಿಕ್ಕ ತರಗತಿ ಹುಡುಕಿ. ಅಲ್ಲಿ ಬಾಯಿ ಬಿಡಲು ಅವಕಾಶ ಇದೆಯಾ, ಜೋಡಿ ಕೊಡುತ್ತಾರಾ ಅಂತ ಮೊದಲೇ ಕೇಳಿ. ಬರೀ ವಿಡಿಯೊ ನೋಡಿದರೆ ವಿಷಯ ಗೊತ್ತಾಗಬಹುದು, ಓದು ಆಗುವುದಿಲ್ಲ. ಯಾವ ದೇಶದ ಗಂಟೆಗೆ ಏಳಬೇಕು ಅನ್ನುವುದನ್ನೂ ನೋಡಿಕೊಳ್ಳಿ, ನ್ಯೂಯಾರ್ಕ್‌ನ ಸಂಜೆ ತರಗತಿ ನಮಗೆ ನಸುಕಿನಲ್ಲಿ ಬೀಳುತ್ತದೆ. ಈಗಿನ ದಾಫ್ ಯೋಮಿ ಸುತ್ತು 2027ರ ಜೂನ್‌ನಲ್ಲಿ ಮುಗಿಯುತ್ತದೆ, ಮರುದಿನವೇ ಮುಂದಿನದು ಶುರು. ಅಷ್ಟರೊಳಗೆ ಒಂದು ಅಧ್ಯಾಯವಾದರೂ ನಿಧಾನವಾಗಿ ಓದಿಕೊಂಡಿದ್ದರೆ ಆ ಓಟಕ್ಕೆ ಸೇರಿಕೊಳ್ಳಬಹುದು.