ಕದ್ರಿಯ ಲೋಕೇಶ್ವರನಿಗೆ ವಯಸ್ಸೆಷ್ಟು?

ಮಕರ ಸಂಕ್ರಮಣದ ಹೊತ್ತಿಗೆ ಮಂಗಳೂರಿನಲ್ಲಿ ಕದ್ರಿ ಜಾತ್ರೆ. ದೊಡ್ಡಮ್ಮನನ್ನೂ ಪಿಯುಸಿ ಓದುವ ತಂಗಿಯ ಮಗಳನ್ನೂ ಕರೆದುಕೊಂಡು ಹೋಗಿದ್ದೆ. ದೊಡ್ಡಮ್ಮ ಮಂಜುನಾಥನಿಗೆ ಕೈ ಮುಗಿದು ಪ್ರದಕ್ಷಿಣೆಗೆ ಹೊರಟರು. ಹುಡುಗಿ ಮಾತ್ರ ಲೋಕೇಶ್ವರನ ಮುಂದೆ ನಿಂತುಬಿಟ್ಟಳು. ಒಂದು ಕಣ್ಣು ಮೂರ್ತಿಯ ಮೇಲೆ, ಇನ್ನೊಂದು ಮೊಬೈಲಿನ ಮೇಲೆ.

"ಮಾವ, ಇದರಲ್ಲಿ 968ನೇ ಇಸವಿ ಅಂತ ಉಂಟು. ಇನ್ನೊಂದ್ರಲ್ಲಿ 1068 ಅಂತ ಉಂಟು. ಯಾವುದು ಸರಿ?"

"ಪ್ರಿಂಟ್ ಮಿಸ್ಟೇಕ್ ಇರಬೇಕು" ಅಂದುಬಿಟ್ಟೆ. ಗೊತ್ತಿಲ್ಲದಾಗ ದೊಡ್ಡವರು ಹೇಳುವ ಉತ್ತರ ಅದು. ಮನೆಗೆ ಬಂದು ಹುಡುಕಿದರೆ ಎರಡೂ ಇಸವಿ ಬೇಕಾದಷ್ಟು ಕಡೆ ಇವೆ. ಮುದ್ರಣದ ತಪ್ಪು ಇಷ್ಟು ಹಠ ಮಾಡಿ ಉಳಿಯುವುದಿಲ್ಲ. ಆ ನೂರು ವರ್ಷದ ಹಿಂದೆ ಬೇರೆಯೇ ಕತೆ ಇದೆ. ಅದನ್ನು ಬಿಡಿಸಲು ಬೇಕಾಗಿದ್ದು ಒಂದು ಗ್ರಹ ಮತ್ತು ಹೈಸ್ಕೂಲಿನ ಭಾಗಾಕಾರ.

ಮೊದಲು ಮೂರ್ತಿಯನ್ನು ನೋಡೋಣ. ಗರ್ಭಗುಡಿಯಲ್ಲಿರುವುದು ಮಂಜುನಾಥನ ಲಿಂಗ. ಲೋಕೇಶ್ವರ ಹೊರಸುತ್ತಿನಲ್ಲಿದ್ದಾನೆ. ಸುಮಾರು ಐದು ಅಡಿ ಎತ್ತರದ ಲೋಹದ ಮೂರ್ತಿ. ಕುಳಿತ ಭಂಗಿ, ಮೂರು ಮುಖ, ಆರು ಕೈ. ಮೈಬಣ್ಣ ಕಪ್ಪಿಗೆ ತಿರುಗಿದೆ. ಮೂರು ಮುಖ ಕಂಡರೆ ನಾಲ್ಕನೆಯದು ಹಿಂದೆ ಇದ್ದೀತು ಅಲ್ವಾ? ಹಾಗಾಗಿ ಜನ ಇವನನ್ನು ಬ್ರಹ್ಮ ಎಂದೇ ಕರೆದುಕೊಂಡು ಬಂದಿದ್ದಾರೆ. ಅಲ್ಲೇ ಇರುವ ಬುದ್ಧನ ಮೂರ್ತಿಗೆ ವ್ಯಾಸ ಎಂಬ ಹೆಸರು ಬಿದ್ದಿದೆ. ಹೆಸರು ಬದಲಾದರೂ ಪೂಜೆ ತಪ್ಪಲಿಲ್ಲ. ಪೂಜೆ ತಪ್ಪದ್ದರಿಂದಲೇ ಮೂರ್ತಿಗಳು ಉಳಿದವು ಎಂದು ನನ್ನ ಅಂದಾಜು. ಪೂಜೆ ನಿಂತ ಲೋಹದ ಮೂರ್ತಿ ಒಂದಲ್ಲ ಒಂದು ದಿನ ಕರಗಿ ಪಾತ್ರೆಯಾಗುತ್ತದೆ.

ಇಂಥ ಮೂರ್ತಿ ಮಾಡುವುದು ಸುಲಭದ ಕೆಲಸವಲ್ಲ. ಮೊದಲು ಜೇನುಮೇಣದಲ್ಲಿ ಇಡೀ ಮೂರ್ತಿಯನ್ನು ತಿದ್ದಬೇಕು. ಬೆರಳು, ಉಗುರು, ಹಾರದ ಮಣಿ ಎಲ್ಲವೂ ಮೇಣದಲ್ಲೇ ಆಗಬೇಕು. ಅದರ ಮೇಲೆ ನುಣ್ಣನೆಯ ಜೇಡಿಮಣ್ಣು, ಆಮೇಲೆ ಒರಟು ಮಣ್ಣು ಮೆತ್ತಿ ಒಣಗಿಸಿ ಬಿಸಿ ಮಾಡುತ್ತಾರೆ. ಜೇನುಮೇಣಕ್ಕೆ 60-65 ಡಿಗ್ರಿ ಸಾಕು, ಕರಗಿ ತೂತಿನಿಂದ ಹರಿದು ಹೋಗುತ್ತದೆ. ಆ ಖಾಲಿ ಜಾಗಕ್ಕೆ ಕಾದ ಲೋಹ ಹೊಯ್ಯುತ್ತಾರೆ. ಬರೀ ತಾಮ್ರ ಕರಗಲು 1,085 ಡಿಗ್ರಿ ಬೇಕು. ಸ್ವಲ್ಪ ತವರ ಸೇರಿಸಿದರೆ ಅದಕ್ಕಿಂತ ಕಡಿಮೆ ಬಿಸಿಯಲ್ಲೇ ಕರಗುತ್ತದೆ, ಗಟ್ಟಿಯಾದ ಮೇಲೆ ಬಾಳಿಕೆಯೂ ಹೆಚ್ಚು. ತವರ ನಮ್ಮ ಕರಾವಳಿಯ ಮಣ್ಣಿನಲ್ಲಿ ಸಿಗುವುದಿಲ್ಲ, ಹೊರಗಿನಿಂದಲೇ ಬರಬೇಕು. ಬಂದರು ಇದ್ದ ಊರಿಗೆ ಅದು ಕಷ್ಟವಾಗಿರಲಿಕ್ಕಿಲ್ಲ. ಅಚ್ಚು ಒಡೆದು ಮೂರ್ತಿ ತೆಗೆಯಬೇಕಾದ್ದರಿಂದ ಒಂದು ಅಚ್ಚಿಗೆ ಒಂದೇ ಮೂರ್ತಿ. ಲೋಹ ಎಲ್ಲೋ ಒಂದು ಬೆರಳಿಗೆ ತಲುಪದಿದ್ದರೆ ಮತ್ತೆ ಮೇಣದಿಂದಲೇ ಶುರು. ಆರು ಕೈಗಳ ಬೆರಳುಗಳನ್ನು ಎಣಿಸುತ್ತಾ ನಿಂತರೆ ಆ ಎರಕದವರ ಎದೆಬಡಿತ ಕೇಳಿಸಿದ ಹಾಗಾಗುತ್ತದೆ.

ಆದರೆ ಲೋಹ ತನ್ನ ವಯಸ್ಸು ಹೇಳುವುದಿಲ್ಲ. ಮರ, ಇದ್ದಿಲು, ಮೂಳೆ ಇದ್ದರೆ ಇಂಗಾಲದ ಲೆಕ್ಕದಿಂದ ವಯಸ್ಸು ತೆಗೆಯಬಹುದು. ಕಂಚಿಗೆ ಆ ಲೆಕ್ಕ ನಡೆಯುವುದಿಲ್ಲ. ಇಲ್ಲಿ ನೆರವಿಗೆ ಬರುವುದು ಪೀಠದ ಮೇಲಿನ ಬರಹ. ಆಳುಪ ವಂಶದ ರಾಜ ಕುಂದವರ್ಮ ಈ ಮೂರ್ತಿಯನ್ನು ಪ್ರತಿಷ್ಠೆ ಮಾಡಿಸಿದ ಎಂದು ಸಂಸ್ಕೃತ ಶ್ಲೋಕಗಳಲ್ಲಿ ಬರೆಸಿದ್ದಾನೆ. ಯಾವಾಗ ಎಂಬುದನ್ನೂ ಬರೆಸಿದ್ದಾನೆ. ಕಲಿಯುಗದಲ್ಲಿ ನಾಲ್ಕು ಸಾವಿರ ವರ್ಷ ಕಳೆದು, ಮತ್ತೆ ಅರವತ್ತೆಂಟು ಸೇರಿ, "ಗತೇಷು ನವಮಾಸೇಷು ಕನ್ಯಾಯಾಂ ಸಂಸ್ಥಿತೇ ಗುರೌ". ಅಂದರೆ ಒಂಬತ್ತು ತಿಂಗಳು ಕಳೆದಾಗ, ಗುರು ಕನ್ಯಾ ರಾಶಿಯಲ್ಲಿದ್ದಾಗ, ರೋಹಿಣಿ ನಕ್ಷತ್ರದಲ್ಲಿ.

ಕಲಿವರ್ಷವನ್ನು ಇಸವಿಗೆ ತರುವುದು ಸುಲಭ, 3,101 ಕಳೆದರಾಯಿತು. 4,068ರಿಂದ 3,101 ಕಳೆದರೆ 967. ಇದು ಆ ವರ್ಷ ಶುರುವಾದ ಇಸವಿ. ಒಂಬತ್ತು ತಿಂಗಳು ಕಳೆದಿದೆ ಎಂದಮೇಲೆ ಡಿಸೆಂಬರ್ ದಾಟಿ 968ರ ಜನವರಿಗೆ ಬಂದಿರುತ್ತೇವೆ.

ಈ "ಒಂಬತ್ತು ತಿಂಗಳು" ತುಳುನಾಡಿನವರಿಗೆ ಬೇಗ ಅರ್ಥವಾಗುತ್ತದೆ. ನಮ್ಮದು ಸೂರ್ಯನ ಲೆಕ್ಕದ ವರ್ಷ. ಏಪ್ರಿಲ್ ನಡುವಿನ ಹೊಸವರ್ಷ ಬಿಸುವಿನಿಂದ ಪಗ್ಗು ತಿಂಗಳು ಶುರು. ಬೇಶ, ಕಾರ್ತೆಲ್, ಆಟಿ, ಸೋಣ, ನಿರ್ನಾಲ್, ಬೊಂತೆಲ್, ಜಾರ್ದೆ, ಪೆರಾರ್ದೆ. ಒಂಬತ್ತು ಮುಗಿಯಿತು. ಹತ್ತನೆಯದು ಪುಯಿಂತೆಲ್, ಸೂರ್ಯ ಮಕರದಲ್ಲಿರುವ ತಿಂಗಳು. ನಾವು ಜಾತ್ರೆಗೆ ಹೋಗಿದ್ದ ತಿಂಗಳು ಅದೇ! ಈಗಿನ ಜಾತ್ರೆ ಆ ಪ್ರತಿಷ್ಠೆಯ ನೆನಪೇ ಎಂದು ನಾನು ಹೇಳುತ್ತಿಲ್ಲ. ಮಕರ ಸಂಕ್ರಮಣಕ್ಕೆ ಉತ್ಸವ ಮಾಡಲು ಬೇರೆ ಕಾರಣ ಬೇಕಿಲ್ಲ. ಆದರೂ ಲೆಕ್ಕ ಹಾಕುತ್ತಾ ಇಲ್ಲಿಗೆ ಬಂದಾಗ ಒಂದು ಕ್ಷಣ ಸುಮ್ನೆ ಕೂತುಬಿಟ್ಟೆ.

ಹಾಗಾದರೆ 1068 ಎಲ್ಲಿಂದ ಬಂತು? ಶ್ಲೋಕದಲ್ಲಿ ಸಾವಿರಗಳಾದ ಮೇಲೆ "ಪುನರಬ್ದೇ ಗತೇ" ಎಂದಿದೆ, ಮತ್ತೆ ವರ್ಷ ಕಳೆದಾಗ ಎಂದು ಅರ್ಥ. ಇಲ್ಲಿ ಗತೇ ಇರುವ ಕಡೆ ಶತೇ ಎಂದು ಓದಿದರೆ? ನೂರು ವರ್ಷ ಸೇರಿಕೊಳ್ಳುತ್ತದೆ, 4,168 ಆಗುತ್ತದೆ. ಅಂದರೆ 1068ರ ಜನವರಿ. ಒಂದೇ ಅಕ್ಷರದ ವ್ಯತ್ಯಾಸ. ಇವತ್ತಿನ ಗ ಮತ್ತು ಶ ಬರೆದು ನೋಡಿ. ಕಮಾನು ಎರಡಕ್ಕೂ ಇದೆ, ಶ ಒಳಗೆ ಗೆರೆ ಜಾಸ್ತಿ. ಹಳೆಯ ಲಿಪಿಗಳಲ್ಲಿ ಇವೆರಡು ಇನ್ನೂ ಹತ್ತಿರ. ಶತಮಾನಗಟ್ಟಲೆ ಎಣ್ಣೆ, ನೀರು, ಒರೆಸುವ ಬಟ್ಟೆ ಕಂಡ ಲೋಹದ ಮೇಲೆ ಆ ಒಂದು ಗೆರೆಯನ್ನೇ ನಂಬಿ ಕೂರುವುದು ಕಷ್ಟ.

ಅಕ್ಷರ ಬಿಟ್ಟು ಆಕಾಶ ನೋಡೋಣ. ಶ್ಲೋಕ ಬರೆದವರೇ ಒಂದು ಸುಳಿವು ಬಿಟ್ಟುಹೋಗಿದ್ದಾರಲ್ಲ, ಗುರು ಕನ್ಯೆಯಲ್ಲಿದ್ದಾನೆ ಎಂದು. ರೋಹಿಣಿ ಇಲ್ಲಿ ಉಪಯೋಗಕ್ಕಿಲ್ಲ. ಚಂದ್ರ ಸುಮಾರು 27 ದಿನಕ್ಕೊಮ್ಮೆ ರೋಹಿಣಿಗೆ ಬರುತ್ತಾನೆ, ಯಾವ ವರ್ಷದ ಪುಯಿಂತೆಲ್‌ನಲ್ಲಿ ಹುಡುಕಿದರೂ ಸಿಗುತ್ತಾನೆ. ಗುರು ಹಾಗಲ್ಲ, ನಿಧಾನಿ. ಸೂರ್ಯನನ್ನು ಒಂದು ಸುತ್ತು ಬರಲು 11.86 ವರ್ಷ. ಒಂದು ರಾಶಿಯಲ್ಲಿ ಹೆಚ್ಚುಕಡಿಮೆ ಒಂದು ವರ್ಷ ಇರುತ್ತಾನೆ. ಹಾಗಾಗಿ ಅವನು ವರ್ಷ ತೋರಿಸುವ ಗಡಿಯಾರದ ಮುಳ್ಳು.

2016ರ ಆಗಸ್ಟ್‌ನಲ್ಲಿ ಗುರು ಕನ್ಯೆಗೆ ಬಂದ. ಆ ವರ್ಷ ಕೃಷ್ಣಾ ನದಿಗೆ ಪುಷ್ಕರ ಎಂಬ ಸ್ನಾನದ ಉತ್ಸವ ನಡೆದದ್ದು ಅದಕ್ಕೇ. 2017ರ ಜನವರಿಯಲ್ಲೂ ಅವನು ಅಲ್ಲೇ ಇದ್ದ. ಅಲ್ಲಿಂದ ಹಿಂದಕ್ಕೆ ಎಣಿಸಬೇಕು. 2017ರಿಂದ 1068 ಕಳೆದರೆ 949 ವರ್ಷ. ಅದನ್ನು 11.86ರಿಂದ ಭಾಗಿಸಿದರೆ 80. ಶೇಷ ಇಲ್ಲವೇ ಇಲ್ಲ ಎನ್ನಬಹುದು. ಅಂದರೆ 1068ರ ಜನವರಿಯಲ್ಲಿ ಗುರು ಕನ್ಯೆಯಲ್ಲೇ.

ಈಗ 968ಕ್ಕೆ ಬನ್ನಿ. ಇನ್ನೂ ನೂರು ವರ್ಷ ಹಿಂದೆ. ನೂರು ವರ್ಷದಲ್ಲಿ ಎಂಟು ಸುತ್ತಿಗೆ ಸುಮಾರು 95 ವರ್ಷ ಹೋಯಿತು, ಐದು ವರ್ಷ ಉಳಿಯಿತು. ಐದು ವರ್ಷ ಎಂದರೆ ಐದು ರಾಶಿ. ಕನ್ಯೆಯಿಂದ ಐದು ರಾಶಿ ಹಿಂದೆ ಬಂದರೆ ಸಿಂಹ, ಕಟಕ, ಮಿಥುನ, ವೃಷಭ ದಾಟಿ ಮೇಷ. 968ರ ಜನವರಿಯಲ್ಲಿ ಗುರು ಇದ್ದದ್ದು ಮೇಷದಲ್ಲಿ. ಕನ್ಯೆ ಆಕಾಶದ ಆ ಕಡೆ ಇದೆ.

ಗುರು ವಕ್ರಗತಿಯಲ್ಲಿ ಹಿಂದೆ ಬರುತ್ತಾನಲ್ಲ ಎಂದು ಯಾರಾದರೂ ಕೇಳಬಹುದು. ಬರುತ್ತಾನೆ, ಹತ್ತು ಡಿಗ್ರಿಯಷ್ಟು. ರಾಶಿಯ ಗಡಿಯಲ್ಲಿದ್ದರೆ ಒಂದು ರಾಶಿ ಆಚೀಚೆ ಆದೀತು, ಐದು ಆಗುವುದಿಲ್ಲ. ಬರೆದವರೇ ತಪ್ಪಿರಬಹುದಾ? ರಾತ್ರಿ ಆಕಾಶದಲ್ಲಿ ಶುಕ್ರ ಬಿಟ್ಟರೆ ಹೆಚ್ಚಾಗಿ ಎದ್ದು ಕಾಣುವ ಗ್ರಹ ಇವನೇ. ರಾಜನ ಪ್ರತಿಷ್ಠೆಗೆ ಮುಹೂರ್ತ ಇಟ್ಟ ಜೋಯಿಸರು ಗುರು ಎಲ್ಲಿದ್ದಾನೆ ಎಂದು ಐದು ರಾಶಿ ತಪ್ಪಿ ಹೇಳುವುದು ನನಗಂತೂ ನಂಬಲಾಗದ ಮಾತು. ನನ್ನ ಲೆಕ್ಕ 1068ರ ಕಡೆ ವಾಲುತ್ತದೆ. 968 ಎಂದು ಬರೆದವರು ಗುರುವಿಗೆ ಏನು ಸಮಾಧಾನ ಹೇಳುತ್ತಾರೋ ಕೇಳಬೇಕು.

ಕಾಲದ ಪ್ರಶ್ನೆಗೆ ಆಕಾಶ ಸಾಕ್ಷಿ ಹೇಳಿತು. ಇನ್ನೊಂದು ಪ್ರಶ್ನೆಗೆ ಅಂಥ ಸಾಕ್ಷಿ ಸಿಗುವುದಿಲ್ಲ. ಇದು ಬೌದ್ಧರದ್ದಾಗಿತ್ತಾ, ಶೈವರದ್ದಾ? ಅದೇ ಶ್ಲೋಕದಲ್ಲಿ ಈ ಜಾಗಕ್ಕೆ ಕದರಿಕಾ ಎಂಬ ವಿಹಾರ ಎಂದು ಹೆಸರಿದೆ. ವಿಹಾರ ಎಂದರೆ ಬೌದ್ಧ ಭಿಕ್ಷುಗಳಿರುವ ತಾಣ. ಲೋಕೇಶ್ವರ ಎಂಬುದು ಬೋಧಿಸತ್ವ ಅವಲೋಕಿತೇಶ್ವರನ ಹೆಸರು. ಮೂರ್ತಿಯ ಮುಡಿಯಲ್ಲಿ ಪುಟ್ಟ ಧ್ಯಾನಿ ಬುದ್ಧನೂ ಇದ್ದಾನೆ. ಇಷ್ಟು ನೋಡಿದರೆ ಮಾತು ಮುಗಿಯಿತು ಅನ್ನಿಸುತ್ತದೆ. ಆದರೆ ಅದೇ ಶ್ಲೋಕದಲ್ಲಿ ಕುಂದವರ್ಮ ತನ್ನನ್ನು ಎಳೆಚಂದ್ರನನ್ನು ಮುಡಿದವನ ಪಾದಕಮಲದ ದುಂಬಿ ಎಂದು ಕರೆದುಕೊಂಡಿದ್ದಾನೆ. ಚಂದ್ರನನ್ನು ಮುಡಿದವನು ಶಿವ. ಶಿವಭಕ್ತ ರಾಜ, ವಿಹಾರದಲ್ಲಿ, ಲೋಕೇಶ್ವರನನ್ನು ಕೂರಿಸುತ್ತಾನೆ. ಅವನಿಗೆ ಇದರಲ್ಲಿ ತೊಡಕು ಕಂಡ ಹಾಗಿಲ್ಲ. ತೊಡಕು ಕಾಣುವುದು ನಮಗೆ.

ಮಂಜೇಶ್ವರದ ಗೋವಿಂದ ಪೈಗಳು ಕದ್ರಿ ಮೂಲತಃ ಬೌದ್ಧ ಕ್ಷೇತ್ರ, ಮಂಜುನಾಥ ಎಂಬ ಹೆಸರೇ ಮಂಜುಶ್ರೀ ಎಂಬ ಬೋಧಿಸತ್ವನಿಂದ ಬಂದದ್ದು ಎಂದು ವಾದಿಸಿದರು. ಒಪ್ಪದವರೂ ಇದ್ದರು. ಅವರು ತೋರಿಸಿದ್ದು ಶೈವ ಯೋಗಿಗಳ ನಾಥ ಪಂಥದ ಕಡೆಗೆ. ಅದೂ ಸುಲಭವಾಗಿ ತಳ್ಳಿಹಾಕುವ ಮಾತಲ್ಲ. ದೇವಸ್ಥಾನದಲ್ಲಿ ಆ ಪಂಥದ ಗುರುಗಳಾದ ಮತ್ಸ್ಯೇಂದ್ರನಾಥ, ಗೋರಕ್ಷನಾಥರ ಕಲ್ಲಿನ ಮೂರ್ತಿಗಳಿವೆ, ಗುಡ್ಡದ ಮೇಲೆ ಜೋಗಿ ಮಠ ಇದೆ. ನೇಪಾಳದ ಪಾಟಣ ನಗರದಲ್ಲಿ ಲೋಕೇಶ್ವರ ಮತ್ತು ಮತ್ಸ್ಯೇಂದ್ರನಾಥ ಒಬ್ಬನೇ ದೇವರು. ಬೌದ್ಧರೂ ಹಿಂದೂಗಳೂ ಸೇರಿ ಅವನ ತೇರು ಎಳೆಯುತ್ತಾರೆ. ಕದ್ರಿಯಲ್ಲೂ ನಡುವೆ ಎಲ್ಲೋ ಅಂಥ ಕಾಲ ಇದ್ದಿರಬೇಕು ಎಂಬುದು ನನ್ನ ಊಹೆ.

ಆ ಜೋಗಿ ಮಠದ ಅರಸನನ್ನು ಕಣ್ಣಾರೆ ಕಂಡು ಬರೆದವನು ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ. 1623ರಲ್ಲಿ ಕದ್ರಿಗೆ ಬಂದಿದ್ದ. ಜೋಗಿಗಳ ರಾಜ ಎಂದರೆ ಏನೋ ವೈಭವ ಇರುತ್ತದೆ ಎಂದುಕೊಂಡು ಹೋದವನಿಗೆ ಸಿಕ್ಕಿದ್ದು ಹಳ್ಳಿ ರೈತನಂತೆ ತನ್ನ ಕೆಲಸದಲ್ಲಿದ್ದ ಮುದುಕ. ಉದ್ದ ಬಿಳಿ ಗಡ್ಡ, ಗಟ್ಟಿಮುಟ್ಟಾದ ಮೈ, ಕಿವಿಯಲ್ಲಿ ಬಂದೂಕಿನ ಗುಂಡಿನಷ್ಟು ದೊಡ್ಡ ಹೊಳೆಯುವ ಗುಂಡುಗಳು, ತಲೆಗೆ ಕೆಂಪು ಟೊಪ್ಪಿ. ಇವತ್ತಿಗೂ ಆ ಮಠಕ್ಕೆ ಹನ್ನೆರಡು ವರ್ಷಕ್ಕೊಮ್ಮೆ ಹೊಸ ರಾಜ ಬರುತ್ತಾರೆ. ನಾಸಿಕ್ ಕುಂಭಮೇಳದ ಹೊತ್ತಿಗೆ ತ್ರ್ಯಂಬಕೇಶ್ವರದಿಂದ ಜೋಗಿಗಳು ನಡೆದುಕೊಂಡೇ ಹೊರಟು ಕದ್ರಿ ತಲುಪುತ್ತಾರೆ. ಕಳೆದ ಸಲ ಪಟ್ಟಾಭಿಷೇಕ ಆದದ್ದು 2016ರಲ್ಲಿ. ನಾಸಿಕ್ ಕುಂಭ ನಡೆಯುವುದು ಗುರು ಸಿಂಹಕ್ಕೆ ಬಂದಾಗ. ಪೀಠದ ಶ್ಲೋಕದಲ್ಲಿದ್ದ ಅದೇ ಗುರು ಗುಡ್ಡದ ಮೇಲಿನ ಮಠದ ಅವಧಿಯನ್ನೂ ಎಣಿಸುತ್ತಿದ್ದಾನೆ!

ಇಷ್ಟೆಲ್ಲ ಪಂಥಗಳು ಇದೇ ಗುಡ್ಡಕ್ಕೆ ಯಾಕೆ ಬಂದವು? ದೊಡ್ಡಮ್ಮನ ಉತ್ತರ "ಗೋಮುಖದ ನೀರು ಕಾಶಿಯಿಂದ ಬರುವುದಲ್ವಾ." ನೀರೇ ಕಾರಣ ಎಂಬಲ್ಲಿಗೆ ನನಗೂ ಅವರಿಗೂ ಒಮ್ಮತ. ಕದ್ರಿ ಗುಡ್ಡ ಮುರಕಲ್ಲಿನದ್ದು, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲಿನದ್ದು. ಮುರಕಲ್ಲು ತೂತುತೂತು, ಮಳೆನೀರನ್ನು ಸ್ಪಂಜಿನ ಹಾಗೆ ಕುಡಿಯುತ್ತದೆ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ. ಮುರಕಲ್ಲಿನ ಕೆಳಗೆ ಶೇಡಿಮಣ್ಣು, ಅದು ನೀರನ್ನು ಸುಲಭಕ್ಕೆ ಬಿಡುವುದಿಲ್ಲ. ಇಳಿದ ನೀರು ಅಲ್ಲಿ ತಡೆದು ಪಕ್ಕಕ್ಕೆ ಸರಿದು ಗುಡ್ಡದ ಇಳಿಜಾರಿನಲ್ಲಿ ಒರತೆಯಾಗಿ ಹೊರಬರುತ್ತದೆ. ದೇವಸ್ಥಾನದ ಹಿಂದಿನ ಕೆರೆಗಳು ತುಂಬುವುದು ಹೀಗೆ. ಕೆತ್ತಲು ಮೆತ್ತಗೆ, ಗಾಳಿಗೆ ಬಿದ್ದರೆ ಗಟ್ಟಿ ಎಂಬುದು ಮುರಕಲ್ಲಿನ ಇನ್ನೊಂದು ಗುಣ. ಗುಡ್ಡದ ಮೇಲಿನ ಪಾಂಡವರ ಗುಹೆಗಳನ್ನು ಅದರಲ್ಲೇ ಕೊರೆದಿದ್ದಾರೆ. ಕುಡಿಯಲು ನೀರು, ಕೂರಲು ಗುಹೆ, ಕೆಳಗೆ ಬಂದರಿನ ಊರು. ಭಿಕ್ಷುವಿಗಾದರೂ ಜೋಗಿಗಾದರೂ ಇನ್ನೇನು ಬೇಕು?

ಲೆಕ್ಕ ಮುಗಿದ ರಾತ್ರಿ ತಂಗಿಯ ಮಗಳಿಗೆ ಫೋನ್ ಮಾಡಿದೆ. ಪ್ರಿಂಟ್ ಮಿಸ್ಟೇಕ್ ಅಲ್ಲ ಮಾರಾಯ್ತಿ, ಎಂದು ಎಲ್ಲ ಹೇಳಿದೆ. ಅವಳು ಮುಂದಕ್ಕೂ ಎಣಿಸಿದಳು. 2028ರ ಜನವರಿಯಲ್ಲಿ, ಕದ್ರಿ ಜಾತ್ರೆಯ ಹೊತ್ತಿಗೆ, ಗುರು ಮತ್ತೆ ಕನ್ಯೆಯಲ್ಲಿರುತ್ತಾನೆ. ರಾತ್ರಿ ಊಟ ಮುಗಿಸಿ ಸ್ವಲ್ಪ ಕಾದರೆ ಪೂರ್ವದಲ್ಲಿ ಏಳುತ್ತಾನೆ. ಅವತ್ತು ತೇರು ನೋಡಿಕೊಂಡು ನಮ್ಮ ಮನೆಯ ಟೆರೇಸಿಗೆ ಬರುತ್ತೇನೆ ಎಂದಿದ್ದಾಳೆ. ಹಿಂದಿನಿಂದ ದೊಡ್ಡಮ್ಮನ ಸ್ವರ ಕೇಳಿಸಿತು. "ಪುಯಿಂತೆಲ್‌ನಲ್ಲಿ ಟೆರೇಸಿನಲ್ಲಿ ಚಳಿ ಇರ್ತದೆ, ಶಾಲು ತರಲಿಕ್ಕೆ ಹೇಳು ಅವಳಿಗೆ."