ಬಾಯಿಯ ದಾರಿ, ಚರ್ಮದ ದಾರಿ

ತಿಪಟೂರು ಕಡೆಯ ಮೂವತ್ತೆಂಟು ವರ್ಷದ ಹೆಣ್ಣುಮಗಳೊಬ್ಬರು ತುಮಕೂರಿನ ನನ್ನ ಚಿಕಿತ್ಸಾಲಯಕ್ಕೆ ಬಂದಾಗ ಅವರ ಕೈಯಲ್ಲಿ ಒಂದೇ ರಕ್ತಪರೀಕ್ಷೆಯ ನಾಲ್ಕು ವರದಿಗಳಿದ್ದವು. ನಾಲ್ಕರಲ್ಲೂ ಐಜಿಎಫ್-1, ಅಂದರೆ ಬೆಳವಣಿಗೆ ಹಾರ್ಮೋನ್ ತನ್ನ ಕೆಲಸಕ್ಕೆಂದು ದೇಹದಲ್ಲಿ ತಯಾರು ಮಾಡಿಸುವ ಇನ್ನೊಂದು ಹಾರ್ಮೋನ್, ಕಡಿಮೆ. ಎರಡನೇ ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವವಾಗಿ ಅವರು ಬದುಕಿ ಉಳಿದದ್ದೇ ಹೆಚ್ಚು. ಆಮೇಲೆ ಎದೆಹಾಲು ಬರಲಿಲ್ಲ, ಮುಟ್ಟು ಮರಳಲಿಲ್ಲ, ಸುಸ್ತು ಬಿಡಲಿಲ್ಲ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ರಕ್ತ ಸಾಲದೆ ಸೊರಗುವ ಈ ಸ್ಥಿತಿಗೆ ಶೀಹನ್ ಸಿಂಡ್ರೋಮ್ ಎನ್ನುತ್ತೇವೆ. ಗ್ರಂಥಿ ಕೊಡಲಾರದ ಹಾರ್ಮೋನುಗಳನ್ನು ಹೊರಗಿನಿಂದ ತುಂಬಬೇಕಾಗುತ್ತದೆ. ಹೈಡ್ರೋಕಾರ್ಟಿಸೋನ್, ಥೈರಾಕ್ಸಿನ್, ಈಸ್ಟ್ರೋಜನ್, ಪ್ರೊಜೆಸ್ಟರಾನ್ ಮಾತ್ರೆಗಳ ಜೊತೆಗೆ ಒಂದು ವರ್ಷದಿಂದ ಅವರಿಗೆ ಬೆಳವಣಿಗೆ ಹಾರ್ಮೋನಿನ ಇಂಜೆಕ್ಷನ್ ಕೂಡ ನಡೆದಿತ್ತು. ವರದಿ ಬಂದಾಗಲೆಲ್ಲ ಪ್ರಮಾಣ ಏರಿಸಿದ್ದರು. ಸಂಖ್ಯೆ ಮಾತ್ರ ಮೇಲೇಳಲಿಲ್ಲ.

"ಇಂಜೆಕ್ಷನ್ನೇ ನಕಲಿ ಇರಬಹುದೇ ಡಾಕ್ಟರೇ?" ಎಂದು ಜೊತೆಗೆ ಬಂದಿದ್ದ ಅವರ ಅಣ್ಣ ಕೇಳಿದರು. ತೋಟದ ಕೊಬ್ಬರಿ ಮಾರಿದ ಹಣ ಅದಕ್ಕೆ ಹೋಗುತ್ತಿತ್ತು. ಇಂಜೆಕ್ಷನ್ ಅಸಲಿಯೇ. ಅಡ್ಡಿಯಿದ್ದದ್ದು ದಿನವೂ ಊಟವಾದ ಮೇಲೆ ನುಂಗುತ್ತಿದ್ದ ಈಸ್ಟ್ರೋಜನ್ ಮಾತ್ರೆಯಲ್ಲಿ.

ಬೆಳವಣಿಗೆ ಹಾರ್ಮೋನ್ ರಕ್ತಕ್ಕೆ ಅಲೆ ಅಲೆಯಾಗಿ ಬಂದು, ಇಪ್ಪತ್ತು ನಿಮಿಷಗಳಲ್ಲಿ ಅರ್ಧದಷ್ಟು ಕರಗಿಹೋಗುತ್ತದೆ. ಹಾಗಾಗಿ ಯಾವುದೋ ಹೊತ್ತಿನಲ್ಲಿ ರಕ್ತ ತೆಗೆದು ಅದನ್ನು ಅಳೆದರೆ ಏನೂ ತಿಳಿಯುವುದಿಲ್ಲ. ಅದು ಹೆಚ್ಚಿನ ಕೆಲಸವನ್ನು ಇನ್ನೊಂದರ ಕೈಯಿಂದ ಮಾಡಿಸುತ್ತದೆ. ಎಲುಬಿನ ತುದಿಯ ಮೃದ್ವಸ್ಥಿಯನ್ನು ಬೆಳೆಸುವ ಬೇರೊಂದು ಅಂಶ ರಕ್ತದಲ್ಲಿದೆ ಎಂಬುದು 1957ರಲ್ಲೇ ಗೊತ್ತಾಗಿತ್ತು. 1978ರಲ್ಲಿ ಅದರ ಎಪ್ಪತ್ತು ಅಮೈನೋ ಆಮ್ಲಗಳ ಸರಣಿಯೂ ಸಿಕ್ಕಿತು. ಅದೇ ಐಜಿಎಫ್-1. ರಕ್ತದಲ್ಲಿ ಓಡಾಡುವ ಐಜಿಎಫ್-1ರ ಬಹುಪಾಲು ತಯಾರಾಗುವುದು ಯಕೃತ್ತಿನಲ್ಲಿ. ವಾಹಕ ಪ್ರೋಟೀನುಗಳಿಗೆ ಅಂಟಿಕೊಂಡಿರುವುದರಿಂದ ಅದರ ಮಟ್ಟ ದಿನವಿಡೀ ಹೆಚ್ಚು ಕದಲುವುದಿಲ್ಲ. ನಾವು ಅದನ್ನು ಅಳೆಯುವುದು ಈ ಕಾರಣಕ್ಕೆ.

ನುಂಗಿದ ಈಸ್ಟ್ರೋಜನ್ ಕರುಳಿನಿಂದ ಮೊದಲು ಹೋಗುವುದೂ ಯಕೃತ್ತಿಗೇ. ದೇಹದ ಬೇರೆಲ್ಲೂ ಇಲ್ಲದಷ್ಟು ಸಾಂದ್ರವಾಗಿ ಅದು ಅಲ್ಲಿಗೆ ತಲುಪುತ್ತದೆ. ಬೆಳವಣಿಗೆ ಹಾರ್ಮೋನ್ ಯಕೃತ್ತಿನ ಜೀವಕೋಶದ ಬಾಗಿಲು ತಟ್ಟಿದರೂ ಒಳಗೆ ಸಂದೇಶ ಮುಂದೆ ಸಾಗದಂತೆ ಈ ಈಸ್ಟ್ರೋಜನ್ ತಡೆಯುತ್ತದೆ. ಐಜಿಎಫ್-1 ತಯಾರಿಕೆ ಕುಗ್ಗುತ್ತದೆ. ಪಿಟ್ಯುಟರಿ ಆರೋಗ್ಯವಾಗಿರುವವರಲ್ಲಿ ಅದು ಹೆಚ್ಚು ಹಾರ್ಮೋನ್ ಸುರಿಸಿ ಕೊರತೆಯನ್ನು ಒಂದಷ್ಟು ತುಂಬಿಕೊಳ್ಳುತ್ತದೆ. ಈ ತಾಯಿಗೆ ಆ ಶಕ್ತಿಯೇ ಇರಲಿಲ್ಲ. ಅದೇ ಈಸ್ಟ್ರೋಜನ್ ಅನ್ನು ಜೆಲ್ ಆಗಿ ತೋಳಿಗೆ ಸವರಿದರೆ ಚರ್ಮದ ಮೂಲಕ ನೇರವಾಗಿ ರಕ್ತಕ್ಕೆ ಸೇರುತ್ತದೆ. ಯಕೃತ್ತಿನ ಮೇಲೆ ಒಮ್ಮೆಲೇ ಬೀಳುವ ಹೊರೆ ತಪ್ಪುತ್ತದೆ, ಐಜಿಎಫ್-1 ಅಷ್ಟಾಗಿ ಇಳಿಯುವುದಿಲ್ಲ.

ಅವರ ಮಾತ್ರೆಯನ್ನು ಜೆಲ್‌ಗೆ ಬದಲಿಸಿದೆ. ಗರ್ಭಕೋಶ ಇರುವುದರಿಂದ, ಈಸ್ಟ್ರೋಜನ್‌ನಿಂದ ಅದರ ಒಳಪದರ ಅತಿಯಾಗಿ ಬೆಳೆಯದಂತೆ ತಡೆಯುವ ಪ್ರೊಜೆಸ್ಟರಾನ್ ಮುಂದುವರಿಸಿದೆ, ಇಂಜೆಕ್ಷನ್ ಪ್ರಮಾಣವನ್ನು ಮುಟ್ಟಲಿಲ್ಲ. ಮುಂದಿನ ವರದಿಯಲ್ಲಿ ಐಜಿಎಫ್-1 ವಯಸ್ಸಿಗೆ ತಕ್ಕ ಮಿತಿಯೊಳಗೆ ಬಂದಿತ್ತು. ಅದರ ಮುಂದಿನದರಲ್ಲಿ ಇಂಜೆಕ್ಷನ್ ಅನ್ನೇ ಕಡಿಮೆ ಮಾಡಬೇಕಾಯಿತು. ನಾಲ್ಕು ವರದಿಗಳನ್ನು ನೋಡಿದವರಲ್ಲಿ ಒಬ್ಬರಾದರೂ ಮಾತ್ರೆಗಳ ಚೀಟಿಯನ್ನು ಪಕ್ಕದಲ್ಲಿಟ್ಟುಕೊಂಡು ಓದಿದ್ದರೆ ಆ ಮನೆಯ ಒಂದು ವರ್ಷದ ಖರ್ಚು ಉಳಿಯುತ್ತಿತ್ತು. ಇದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಗಂಡು ಹಾರ್ಮೋನ್ ಟೆಸ್ಟೋಸ್ಟಿರಾನ್ ನಡೆಯುವುದು ನುಂಗಿದ ಈಸ್ಟ್ರೋಜನ್‌ನ ಎದುರು ದಿಕ್ಕಿನಲ್ಲಿ. ಅದು ಪಿಟ್ಯುಟರಿಯನ್ನು ಹುರಿದುಂಬಿಸಿ ಬೆಳವಣಿಗೆ ಹಾರ್ಮೋನನ್ನೂ ಐಜಿಎಫ್-1 ಅನ್ನೂ ಏರಿಸುತ್ತದೆ. ಹರೆಯದಲ್ಲಿ ಹುಡುಗರು ಸರ್ರನೆ ಎತ್ತರವಾಗುವುದರ ಹಿಂದೆ ಇದರ ಪಾಲೂ ಇದೆ. ಆದರೆ ಜಿಮ್‌ನಲ್ಲಿ ಯಾರೋ ಹೇಳಿದರೆಂದು ಅದನ್ನು ಚುಚ್ಚಿಸಿಕೊಂಡು, ಏರಿದ ಐಜಿಎಫ್-1 ವರದಿಯನ್ನು ಹೆಮ್ಮೆಯಿಂದ ತೋರಿಸುವ ಯುವಕರಿಗೆ ನಾನು ಕೂರಿಸಿಕೊಂಡು ಹೇಳುತ್ತೇನೆ: ಹೊರಗಿನಿಂದ ಬಂದದ್ದನ್ನು ಕಂಡು ವೃಷಣಗಳು ಕೆಲಸ ನಿಲ್ಲಿಸುತ್ತವೆ, ವೀರ್ಯಾಣು ಬತ್ತುತ್ತದೆ. ದೇಹದಲ್ಲಿ ಟೆಸ್ಟೋಸ್ಟಿರಾನ್, ಈಸ್ಟ್ರೋಜನ್ ಆಗಿ ಮಾರ್ಪಡುವ, ಅಮೆರಿಕದಲ್ಲಿ ವೈದ್ಯರ ಚೀಟಿಯಿಲ್ಲದೆ ಸಿಗುವ ಹಾರ್ಮೋನ್ ಡಿಎಚ್‌ಇಎ ಡಬ್ಬಿಗಳನ್ನು ಮಕ್ಕಳು ಅಪ್ಪ ಅಮ್ಮನಿಗೆ ತಂದುಕೊಡುವುದೂ ಉಂಟು. ವಯಸ್ಸಾದವರಲ್ಲಿ ಅದು ಐಜಿಎಫ್-1 ಅನ್ನು ಸ್ವಲ್ಪ ಏರಿಸಬಲ್ಲದು. ಆದರೆ ಅಷ್ಟರಿಂದ ಮುಪ್ಪು ಹಿಂದೆ ಸರಿಯುವುದಿಲ್ಲ.

ಥೈರಾಯ್ಡ್ ಕೊರತೆಯಿದ್ದರೂ ಐಜಿಎಫ್-1 ತಗ್ಗುತ್ತದೆ. ಥೈರಾಕ್ಸಿನ್ ಸರಿಯಾದ ಪ್ರಮಾಣದಲ್ಲಿ ಕೊಟ್ಟರೆ ಮೇಲೆ ಬರುತ್ತದೆ. ಹೊಟ್ಟೆಗೆ ಸಾಲದಿದ್ದರೂ ತಗ್ಗುತ್ತದೆ. ಎತ್ತರ ಸಾಲದೆಂದು ಪಾವಗಡ, ಶಿರಾ ಕಡೆಯಿಂದ ಕರೆತರುವ ಮಕ್ಕಳಲ್ಲಿ ನಾನು ಮೊದಲು ವಿಚಾರಿಸುವುದು ತಟ್ಟೆಯಲ್ಲಿ ಮುದ್ದೆಯ ಜೊತೆ ಬೇಳೆ, ಮೊಟ್ಟೆ, ಹಾಲು ಎಷ್ಟಿದೆ ಎಂದು, ಆಮೇಲೆ ಥೈರಾಯ್ಡ್. ಬೆಳವಣಿಗೆ ಹಾರ್ಮೋನಿನ ಮಾತು ಅದರ ನಂತರದ್ದು.

ಈ ಪರೀಕ್ಷೆಗೆ ಹೋಗುವವರು ಮನೆಯಲ್ಲಿರುವ ಮಾತ್ರೆ, ಜೆಲ್, ಪುಡಿ, ಇಂಜೆಕ್ಷನ್ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಕೊಂಡು ವೈದ್ಯರ ಬಳಿಗೆ ತನ್ನಿ. ಗರ್ಭನಿರೋಧಕ ಮಾತ್ರೆಯನ್ನು ಮರೆಯಬೇಡಿ, ಅದರಲ್ಲೂ ಸಾಮಾನ್ಯವಾಗಿ ಈಸ್ಟ್ರೋಜನ್ ಇರುತ್ತದೆ. ಇದನ್ನು ಓದಿ ಯಾವುದನ್ನೂ ನೀವಾಗಿಯೇ ನಿಲ್ಲಿಸಬೇಡಿ. ಪಿಟ್ಯುಟರಿ ಸೊರಗಿದವರು ಹೈಡ್ರೋಕಾರ್ಟಿಸೋನ್ ಅನ್ನು ಥಟ್ಟನೆ ಬಿಟ್ಟರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಕುತ್ತು ಬರುತ್ತದೆ. ತಿಪಟೂರಿನ ಆ ತಾಯಿಯ ಪರ್ಸಿನಲ್ಲಿ ಈ ಎಚ್ಚರಿಕೆಯನ್ನು ಬರೆದ ಚೀಟಿಯೊಂದು ಸದಾ ಇರುತ್ತದೆ; ಅದರ ಇನ್ನೊಂದು ಪ್ರತಿ ಅವರ ಅಣ್ಣನ ಜೇಬಿನಲ್ಲಿದೆ.